ಮಾಮೂಲಿ ಅಕ್ಕಿ

ಸಿದ್ದಾಪುರದಲ್ಲಿದ್ದ ಒಂಬತ್ತು ವರ್ಷವೂ ನಾನು ಮನೆಯ ದಿನಸಿಯನ್ನು ಒಂದೇ ಶಬ್ದದಲ್ಲಿ ತರಿಸುತ್ತಿದ್ದೆ. ತಿಂಗಳ ಮೊದಲ ವಾರದಲ್ಲೊಂದು ಬೆಳಿಗ್ಗೆ ಶಾಲೆಗೆ ಹೋಗುವಾಗ, ನಮ್ಮ ಬಾಡಿಗೆ ಮನೆಯಿಂದ ನಾಲ್ಕು ಬಾಗಿಲು ಆಚೆ ಇದ್ದ ಕಿರಾಣಿ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, "ಮಾಮೂಲಿ ಕಳಿಸಿ" ಎನ್ನುತ್ತಿದ್ದೆ. ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ಸಂಜೆ ಮನೆಗೆ ಬರುವಷ್ಟರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಮೆಣಸು ಎಲ್ಲವೂ ಜಗುಲಿಗೆ ಬಂದು, ಡಬ್ಬಿ ಸೇರಿ, ಖಾಲಿ ಚೀಲಗಳು ಮಡಚಿಕೊಂಡು ಮೊಳೆಗೆ ನೇತಾಡುತ್ತಿದ್ದವು.

ಈ ವ್ಯವಸ್ಥೆಯ ಬಗ್ಗೆ ನನಗಿದ್ದ ಹೆಮ್ಮೆ ಸಣ್ಣದಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಉಳಿದ ಶಿಕ್ಷಕಿಯರು ಬಿಡುವಿನ ಅವಧಿಯಲ್ಲಿ ಸಾಮಾನಿನ ಚೀಟಿ ಬರೆಯುತ್ತ, ಜೀರಿಗೆ ಮರೆತು ಹೋಯಿತೆಂದು ಹಣೆ ಹಣೆ ಬಡಿದುಕೊಳ್ಳುವಾಗ ನಾನು ಕುರ್ಚಿಗೆ ಒರಗಿ ಉಪದೇಶ ಮಾಡುತ್ತಿದ್ದೆ. ಸಂಸಾರವನ್ನು ಒಂದು ಪದ್ಧತಿಗೆ ತಂದುಬಿಟ್ಟರೆ ಅದು ತನ್ನಷ್ಟಕ್ಕೆ ನಡೆಯುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೋ. ನಮ್ಮ ಮನೆಗೆ ಊಟಕ್ಕೆ ಬಂದವರೆಲ್ಲ ಅನ್ನವನ್ನು ಹೊಗಳುತ್ತಿದ್ದರು. ಅಕ್ಕಿ ಎಲ್ಲಿಯದು ಎಂದು ಕೇಳಿದರೆ ನಾನು ಸುಮ್ಮನೆ ನಗುತ್ತಿದ್ದೆ. ಗುಟ್ಟು ಇಟ್ಟುಕೊಂಡವಳ ನಗು ಅದು. ಗುಟ್ಟು ನನಗೂ ಗೊತ್ತಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನಗೂ ನನ್ನ ಗಂಡನಿಗೂ ಶಿರಸಿಗೆ ವರ್ಗವಾಯಿತು. ನನ್ನವರು ಇಸಳೂರಿನಲ್ಲಿ ಸಣ್ಣದೊಂದು ಜಾಗ ತೆಗೆದುಕೊಂಡು ಮನೆ ಕಟ್ಟಿಸಿದರು. ಆಗ ಅಲ್ಲಿ ನಮ್ಮದೂ ಸೇರಿ ಏಳೆಂಟು ಹೊಸ ಮನೆಗಳು, ನಡುವೆ ಬೇಕಾದಷ್ಟು ಕುರುಚಲು ಗಿಡ. ಮನೆ ಚೆನ್ನಾಗಿತ್ತು, ಗಾಳಿ ಬೆಳಕು ಧಾರಾಳ. ಹತ್ತಿರದ ಅಂಗಡಿಯೊಂದರಲ್ಲಿ ಬೀಡಿ, ಬೆಂಕಿಪೊಟ್ಟಣ, ಸೋಪು, ಬಾಳೆಹಣ್ಣು ಸಿಗುತ್ತಿತ್ತು. ಉಳಿದದ್ದಕ್ಕೆಲ್ಲ ಬಸ್ಸು ಹತ್ತಿ ಶಿರಸಿ ಪೇಟೆಗೇ ಹೋಗಬೇಕು. "ದಿನಸಿಯ ಚಿಂತೆ ಬಿಡಿ, ಅದು ನನ್ನ ಇಲಾಖೆ" ಎಂದು ಗೃಹಪ್ರವೇಶದ ದಿನವೇ ನಾನು ಘೋಷಿಸಿಬಿಟ್ಟೆ.

ಮನೆಯಲ್ಲಿ ನಾವು ಮೂವರು. ನಾನು, ನನ್ನವರು, ಮತ್ತು ನನ್ನ ಅತ್ತೆ. ಅತ್ತೆಗೆ ಆಗ ಅರವತ್ತೈದರ ಮೇಲಾಗಿತ್ತು. ಮಾತು ಕಡಿಮೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹೆದರಿದ್ದು ಅವರ ಮೌನಕ್ಕೆ. ಆಮೇಲೆ ಒರಗಿಕೊಂಡಿದ್ದೂ ಅದಕ್ಕೇ. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ಶಾಲೆಯಿಂದ ಸಿಡಿಮಿಡಿಗೊಂಡು ಬಂದಾಗ ಏನೂ ಕೇಳದೆ ಬಿಸಿ ಕಷಾಯ ತಂದು ಮುಂದಿಡುವವರು ಬೇರೆ ಯಾರೂ ನನಗಿರಲಿಲ್ಲ.

ಶಿರಸಿಯಲ್ಲಿ ನಾನು ಆರಿಸಿಕೊಂಡ ಅಂಗಡಿ ದೊಡ್ಡದು. ಗೋಡೆಯುದ್ದಕ್ಕೂ ಬಾಯಿ ತೆರೆದಿಟ್ಟ ಚೀಲಗಳ ಸಾಲು. ಅಂಗಡಿಯವರು ಬನವಾಸಿಯಿಂದಾಚೆಯವರು, ಹಾವೇರಿ ಕಡೆಯ ಮಾತು. ನಾನು ಸಿದ್ದಾಪುರದ ಗತ್ತಿನಲ್ಲೇ ಹೊರಗೆ ನಿಂತು ಅಕ್ಕಿ, ಬೇಳೆ ಎಲ್ಲ ಕಟ್ಟಿ ಎಂದೆ.

"ಒಳಗ ಬರ್ರಿ ಅಕ್ಕಾರ. ಯಾವ ಅಕ್ಕಿ ಕೊಡ್ಲಿ?"

"ಊಟದ ಅಕ್ಕಿ."

ಅವರು ನಗಲಿಲ್ಲ, ಅಷ್ಟು ಸಭ್ಯರು. "ಎಲ್ಲಾನೂ ಊಟದ್ದ ರೀ. ಇಂಟಾನ ಐತಿ, ಜಯಾ ಐತಿ, ಸೋನಾ ಐತಿ. ಹಳೇದ ಬೇಕೋ, ಹೊಸಾದ ಬೇಕೋ? ಪಾಲಿಶ್ ಮಾಡಿದ್ದೋ, ಮಾಡಲಾರದ್ದೋ?"

ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲ ನಾನು ಆ ಚೀಲಗಳನ್ನು ನೋಡುತ್ತ ನಿಂತೆ. ಎಲ್ಲವೂ ಅಕ್ಕಿಯ ಹಾಗೆಯೇ ಕಾಣುತ್ತಿದ್ದವು. ಒಂಬತ್ತು ವರ್ಷ ದಿನಕ್ಕೆರಡು ಹೊತ್ತು ಉಂಡ ಅಕ್ಕಿಯ ಹೆಸರು ನನಗೆ ಗೊತ್ತಿರಲಿಲ್ಲ. ಕೊನೆಗೆ, "ಬೆಳ್ಳಗಿದೆಯಲ್ಲ, ಅದು" ಎಂದೆ. ಎಲ್ಲವೂ ಬೆಳ್ಳಗೇ ಇದ್ದವು. ಅವರೇ ಕನಿಕರದಿಂದ ಒಂದನ್ನು ಕಟ್ಟಿ ಕೊಟ್ಟರು. ಬೇಳೆಯ ವಿಷಯದಲ್ಲೂ ಹೀಗೇ ಆಯಿತು. ಮೆಣಸಿನಕಾಯಿಗೆ ಬರುವಷ್ಟರಲ್ಲಿ ನಾನು "ನಿಮಗೆ ಯಾವುದು ಸರಿ ಕಾಣ್ತದೋ ಅದು" ಎನ್ನುವ ಹಂತಕ್ಕಿಳಿದಿದ್ದೆ.

ತರಕಾರಿಯಲ್ಲಾದರೂ ಮರ್ಯಾದೆ ಉಳಿಸಿಕೊಳ್ಳೋಣವೆಂದು ಆ ವಾರ ಶಾಲೆಯಿಂದ ಬೇಗ ಹೊರಟು, ಎರಡು ಚೀಲ ಹಿಡಿದು ಸಂತೆಗೆ ಹೋದೆ. ಸಂತೆಯ ಬಯಲಿನಲ್ಲಿ ಕೋಸಿನ ಎಲೆ ಮೇಯುತ್ತ ಎರಡು ದನ ನಿಂತಿದ್ದವು. ಅಂದು ಬುಧವಾರ. ಸಿದ್ದಾಪುರದ ಸಂತೆ ಬುಧವಾರ, ಶಿರಸಿಯದು ಮಂಗಳವಾರ. ತಲೆಗೆ ಇದು ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಮುಂದಿನ ಬುಧವಾರವೂ ಹೋದೆ. ಎರಡನೆಯ ಸಲ ಆ ದನಗಳು ನನ್ನನ್ನು ಗುರುತು ಹಿಡಿದವೆಂದೇ ನನಗನ್ನಿಸಿತು.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಅತ್ತೆಯ ಊಟ ಕಡಿಮೆಯಾಗದಿದ್ದರೆ.

ಅವರ ಊಟಕ್ಕೊಂದು ಕ್ರಮವಿತ್ತು. ಮೊದಲ ಅನ್ನ ತಂಬುಳಿಗೆ, ಎರಡನೆಯದು ಹುಳಿಗೆ, ಮೂರನೆಯದು ಮಜ್ಜಿಗೆಗೆ. ಸಣ್ಣ ಸಣ್ಣ ಮೂರು ಗುಪ್ಪೆ. ಹೊಸ ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ನಡುವಿನ ಹುಳಿಯನ್ನ ಹೋಯಿತು. ಇನ್ನೊಂದು ತಿಂಗಳಿಗೆ ತಂಬುಳಿಯನ್ನವೂ ಹೋಗಿ, ಬರೀ ಮಜ್ಜಿಗೆಗೆ ಒಂದಿಷ್ಟು ಕಲಸಿಕೊಂಡು ಏಳತೊಡಗಿದರು. ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವರು.

"ಅತ್ತೆ, ಅನ್ನ ಹ್ಯಾಂಗಿದ್ದು?"

"ಅಡ್ಡಿಲ್ಲೆ."

ನಮ್ಮ ಕಡೆಯ 'ಅಡ್ಡಿಲ್ಲೆ' ಎಂಬುದನ್ನು ಹೊರಗಿನವರು ಹೊಗಳಿಕೆ ಎಂದು ತಿಳಿಯಬಹುದು. ಅತ್ತೆಯ ಬಾಯಲ್ಲಿ ಅದು ಮೂವತ್ತೈದು ಅಂಕಕ್ಕೂ ಕಡಿಮೆ. ಚೆನ್ನಾಗಿದ್ದರೆ ಅವರು ಏನೂ ಹೇಳುತ್ತಿರಲಿಲ್ಲ, ಕೇಳಿ ಬಡಿಸಿಕೊಳ್ಳುತ್ತಿದ್ದರು.

ಡಾಕ್ಟರಿಗೆ ತೋರಿಸಿದೆವು. ಏನೂ ತೊಂದರೆಯಿಲ್ಲ ಎಂದರು. ಅತ್ತೆ ಮಾತ್ರ ದಿನವೂ ಹನ್ನೊಂದರ ಹೊತ್ತಿಗೆ ಸೀರೆ ಬದಲಿಸಿ ತಲೆ ಬಾಚಿಕೊಂಡು ಗೇಟಿನ ಬಳಿ ನಿಂತು, ಖಾಲಿ ರಸ್ತೆ ನೋಡಿ ಒಳಗೆ ಬರುತ್ತಾರೆಂದು ರಜೆಯಲ್ಲಿ ಮನೆಯಲ್ಲಿದ್ದ ನನ್ನವರು ಒಮ್ಮೆ ಹೇಳಿದರು. ನಾನು ಕೇಳಿಸಿಕೊಂಡು ಬಿಟ್ಟೆ. ನನ್ನ ತಲೆಯಲ್ಲಿ ಅಕ್ಕಿ ತುಂಬಿತ್ತು.

ಅಷ್ಟರಲ್ಲಿ ಯಲ್ಲಾಪುರದಲ್ಲಿರುವ ನನ್ನ ಮೈದುನನ ಫೋನು ಬಂತು. ಆಯಿ ಸೊರಗಿದ್ದಾಳೆಂದು ಯಾರೋ ಹೇಳಿದರಂತೆ, ಸ್ವಲ್ಪ ದಿನ ನಮ್ಮಲ್ಲಿ ಬಂದಿರಲಿ ಎಂದ. ಫೋನಿಟ್ಟ ಮೇಲೆ ಅತ್ತೆ, "ನಾಲ್ಕು ದಿನ ಯಲ್ಲಾಪುರಕ್ಕೆ ಹೋಗಿ ಬತ್ತೆ" ಎಂದರು. ಆ ಸಂಜೆ ಅವರು ತಮ್ಮ ಟ್ರಂಕು ಒರೆಸುತ್ತಿದ್ದುದನ್ನು ನೋಡಿದೆ. ನಾಲ್ಕು ದಿನಕ್ಕೆ ಯಾರೂ ಟ್ರಂಕು ಒಯ್ಯುವುದಿಲ್ಲ. ಜನ ಏನೆನ್ನುತ್ತಾರೆ ಎಂಬ ಅಂಜಿಕೆ ನನಗಿತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಶಾಲೆಯಿಂದ ಬಂದು ಬೀಗ ತೆಗೆದು ಒಳಗೆ ಹೋಗುವ ಮನೆ ನನಗೆ ಬೇಡವಾಗಿತ್ತು. ಅವರು ನನಗೆ ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಬದಲು ನಾನು ಪ್ರಯೋಗ ಶುರು ಮಾಡಿದೆ.

ಪೇಟೆಯ ಬೇರೆ ಬೇರೆ ಅಂಗಡಿಗಳಿಂದ ಐದು ಬಗೆಯ ಅಕ್ಕಿ ತಂದೆ. ಐದು ಗಾಜಿನ ಬಾಟಲಿಗೆ ತುಂಬಿ, ಒಂದರಿಂದ ಐದರವರೆಗೆ ನಂಬರು ಅಂಟಿಸಿದೆ. ದಿನಕ್ಕೊಂದು. ನೀರು ಅಳತೆಯದು, ಪಾತ್ರೆ ಅದೇ, ಬೆಂಕಿ ಅದೇ. ಅನ್ನ ಬಡಿಸಿ ಗೋಡೆಗೆ ಒರಗಿ ನಿಂತು ಅತ್ತೆಯ ಮುಖ ನೋಡುತ್ತಿದ್ದೆ, ಪರೀಕ್ಷೆಯ ಕೊಠಡಿಯಲ್ಲಿ ನಿಂತ ಹಾಗೆ. ಪಾಪ, ಅವರಿಗೆ ತುತ್ತು ಇಳಿಯಬೇಕಾದರೂ ಹೇಗೆ?

ಒಂದನೆಯ ನಂಬರಿಗೆ ಅಡ್ಡಿಲ್ಲೆ. ಎರಡಕ್ಕೂ ಅಡ್ಡಿಲ್ಲೆ. ಮೂರನೆಯದಕ್ಕೆ ಬರೀ ತಲೆಯಾಡಿಸಿದರು. ನನ್ನವರು ಐದನ್ನೂ ಬಾಯಿ ಚಪ್ಪರಿಸಿಕೊಂಡು ಉಂಡು, ಐದಕ್ಕೂ "ಚೊಲೋ ಇದ್ದು" ಎಂದರು. ಅವರು ಯಾವ ಪ್ರಯೋಗಕ್ಕೂ ಉಪಯೋಗವಿಲ್ಲದ ಮನುಷ್ಯ. ಆರನೆಯ ದಿನ ನಾನು ಬಾಟಲಿಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದು, ಸಿಟ್ಟಿನಿಂದ ಮುಚ್ಚಳ ಒತ್ತಿದೆ. ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ.

ಅತ್ತೆ ಬುಧವಾರ ಹೊರಡುವುದೆಂದು ನಿಶ್ಚಯವಾಯಿತು. ಹಿಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮನೆಗೆ ಹೇಳದೆ ನಾನು ಸಿದ್ದಾಪುರದ ಬಸ್ಸು ಹತ್ತಿದೆ. ಅಕ್ಕಿಯ ಹೆಸರು ಕೇಳಿಕೊಂಡು ಬರಲು ಒಂದು ತಾಲೂಕು ದಾಟಿ ಹೋದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಹಳೆಯ ಅಂಗಡಿಯ ಮೆಟ್ಟಿಲನ್ನು ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಹತ್ತಿದೆ. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತರು.

"ಓ, ಅಕ್ಕೋರು! ಬನ್ನಿ ಬನ್ನಿ. ಅತ್ತೆಯೋರು ಬರಲಿಲ್ವಾ?"

ಅವರು ನನ್ನ ಹಿಂದೆ ನೋಡುತ್ತಿದ್ದರು. ಇಲ್ಲ ಎಂದೆ. ನಾವು ಒಯ್ಯುತ್ತಿದ್ದ ಅಕ್ಕಿ ಯಾವುದು ಎಂದು ಕೇಳಿದೆ.

"ಅದು ಒಂದು ಅಕ್ಕಿ ಅಲ್ಲ ಅಕ್ಕೋರೇ. ಎರಡು ಪಾಲು ಹಳೇ ಇಂಟಾನು, ಒಂದು ಪಾಲು ಹೊಸದು. ಬರೀ ಹಳೇದಾದ್ರೆ ಅನ್ನ ಉದುರುದುರು, ತಂಬುಳಿ ನಿಲ್ಲೂದಿಲ್ಲ. ಬರೀ ಹೊಸದಾದ್ರೆ ಮುದ್ದೆ. ನಿಮ್ಮ ಅತ್ತೆಯೋರೇ ಇಲ್ಲಿ ಕೂತು ಬೆರೆಸಿಕೊಂಡು ಹೋಗ್ತಿದ್ದದ್ದು."

"ಅತ್ತೆಯಾ? ಯಾವಾಗ?"

"ನೀವು ಮಾಮೂಲಿ ಹೇಳಿ ಹೋಗ್ತಿದ್ರಲ್ಲ, ಆಮೇಲೆ ಹನ್ನೊಂದು ಗಂಟೆಗೆ." ಅವರು ಚೀಲಗಳ ಪಕ್ಕದ ಮರದ ಬೆಂಚು ತೋರಿಸಿದರು. "ಅಲ್ಲೇ ಅವರ ಜಾಗ. ಒಂದೊಂದು ಚೀಲದಲ್ಲೂ ಕೈ ಹಾಕಿ, ಒಂದು ಕಾಳು ಕಚ್ಚಿ ನೋಡದೆ ಬಿಡೂದಿಲ್ಲ ಅವರು. ಮೂರು ಸಲ ನನ್ನ ಬೇಳೆ ವಾಪಸು ಕಳ್ಸಿದಾರೆ. ಸಾಮಾನು ತಗೊಳ್ಳೂದು ತಿಂಗಳಿಗೊಂದ್ಸಲ. ಆದರೆ ಹೆಚ್ಚಾಗಿ ದಿನಾ ಬಂದು ಗಳಿಗೆ ಕೂತು ಹೋಗ್ತಿದ್ರು."

ನಾನು ಆ ಬೆಂಚಿನ ಮೇಲೆ ಕುಳಿತೆ. ಅದರ ಒಂದು ಕಾಲು ಗಿಡ್ಡ. ದಡಕ್ಕನೆ ಒಂದು ಕಡೆ ವಾಲಿತು. ಒಂಬತ್ತು ವರ್ಷದ ನನ್ನ ಪದ್ಧತಿ, ನನ್ನ ಉಪದೇಶ, ನನ್ನ ಗುಟ್ಟಿನ ನಗು ಎಲ್ಲವೂ ಅದರ ಜೊತೆ ವಾಲಿದವು. ಅಂಗಡಿಯವರು ಮಾಸ್ತರಿಕೆಯ ಗೌರವಕ್ಕೆ ನನಗೆ ಒಳ್ಳೆಯ ಸಾಮಾನು ಕಳಿಸುತ್ತಾರೆಂದು ನಾನು ಎಷ್ಟೋ ಜನರೆದುರು ಹೇಳಿದ್ದೆ.

ಆದರೂ ನನ್ನ ಬುದ್ಧಿ ನೋಡಿ. ಇಷ್ಟೆಲ್ಲ ಕೇಳಿಯೂ ನಾನು ತೆಗೆದುಕೊಂಡು ಬಂದದ್ದು ಅಕ್ಕಿಯನ್ನು ಮಾತ್ರ. ಎರಡು ಪಾಲು ಹಳೆಯದು, ಒಂದು ಪಾಲು ಹೊಸದು, ಬೆರೆಸಿದ ಐದು ಕಿಲೋ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗೆದ್ದೆ ಎಂದುಕೊಳ್ಳುತ್ತ ಬಸ್ಸಿನಲ್ಲಿ ಕುಳಿತಿದ್ದೆ.

ಮರುದಿನ ಆ ಅಕ್ಕಿಯ ಅನ್ನ ಮಾಡಿದೆ. ಮೊದಲ ತುತ್ತಿಗೇ ಅತ್ತೆ ನನ್ನ ಮುಖ ನೋಡಿದರು.

"ಸಿದ್ದಾಪುರಕ್ಕೆ ಹೋಗಿದ್ಯಾ?"

ಹೌದು ಎಂದೆ. ಅವರು ನಿಧಾನವಾಗಿ ಉಂಡರು. ತಂಬುಳಿಗೆ ಒಂದು ಗುಪ್ಪೆ, ಮಜ್ಜಿಗೆಗೆ ಒಂದು. ಎರಡಕ್ಕೇ ಕೈ ಅಡ್ಡ ಬಂತು. ಅಕ್ಕಿ ಸರಿಯಿತ್ತು, ಅದು ನನಗೂ ಗೊತ್ತಾಗುತ್ತಿತ್ತು. ಊಟ ಮಾತ್ರ ಸರಿಯಾಗಲಿಲ್ಲ. ತಟ್ಟೆ ಎತ್ತುವ ಮೊದಲು ಅವರು ಕೇಳಿದ್ದು ಅಕ್ಕಿಯ ಬಗ್ಗೆಯಲ್ಲ.

"ಆ ಬೆಂಚಿನ ಕಾಲು ಸರಿ ಮಾಡ್ಸಿದ್ವಾ?"

"ಇಲ್ಲೆ ಅತ್ತೆ. ವಾಲ್ತು."

"ಗ್ವಾಡೆ ಬದಿಗೆ ಕೂರವು. ಆಗ ವಾಲ್ತಿಲ್ಲೆ" ಎಂದು ಸ್ವಲ್ಪ ನಕ್ಕರು. ಆಮೇಲೆ, "ಮೆಣಸಿನ ಚೀಲದ ಹತ್ರ ಬೆಕ್ಕು ಮಲ್ಗಿತ್ತಾ?" ಎಂದರು. ಅಂಗಡಿಯಲ್ಲಿ ಯಾರು ಯಾರು ಇದ್ದರು, ಬಾಗಿಲಿಗೆ ಹೊಸ ಬಣ್ಣ ಹೊಡೆದಿದ್ದಾರೋ ಇಲ್ಲವೋ ಎಂದೂ ಕೇಳಿದರು. ಎರಡು ತಿಂಗಳಲ್ಲಿ ಅವರು ಇಷ್ಟು ಮಾತಾಡಿದ್ದು ಅದೇ ಮೊದಲು.

ಗೇಟಿನ ಬಳಿ ಹನ್ನೊಂದು ಗಂಟೆಗೆ ತಲೆ ಬಾಚಿಕೊಂಡು ನಿಲ್ಲುವ ಅತ್ತೆ ಆಗ ನನ್ನ ಕಣ್ಣ ಮುಂದೆ ಬಂದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನಾನು ಶಾಲೆಗೆ ಹೋದ ಮೇಲೆ ಈ ಹೆಂಗಸು ಹಗಲಿಡೀ ಏನು ಮಾಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಅಂಗಡಿಗೆ ಹೋಗ್ತಿದ್ದಿದ್ದು ಯಂಗೆ ಎಂತಕೆ ಹೇಳಿದ್ದಿಲ್ಲೆ ಅತ್ತೆ?"

"ನೀ ಕೇಳಿದ್ದಿಲ್ಲೆ" ಎಂದರು, ದೂರಿನ ದನಿಯೇನಿಲ್ಲ. "ಮಾಮೂಲಿ ಹೇಳಿ ಹೋಗ್ವಾಗ ನಿಂಗೆ ಅಷ್ಟು ಖುಷಿ ಇರ್ತಿತ್ತು. ಆನು ಎಂತಕೆ ಹಾಳು ಮಾಡವು?"

ಮಂಗಳವಾರ ರಜೆ ಹಾಕಿದೆ. "ಅತ್ತೆ, ನಾಳೆ ಯಲ್ಲಾಪುರಕ್ಕೆ ಹೋಪ ಮೊದಲು ಶಿರಸಿಯಲ್ಲಿ ಒಂದ್ಸಲ ಅಕ್ಕಿ ಆರಿಸಿ ಕೊಡಿ. ಯಂಗೆ ಎಂತೂ ಗೊತ್ತಾಗ್ತಿಲ್ಲೆ" ಎಂದೆ. ನನಗೆ ಏನೂ ಗೊತ್ತಾಗುವುದಿಲ್ಲ ಎಂಬ ಈ ಕೊನೆಯ ಮಾತನ್ನು ನನ್ನ ಬಾಯಿಂದ ಅವರು ಹಿಂದೆಂದೂ ಕೇಳಿರಲಿಲ್ಲ. ಹನ್ನೊಂದಾಗುವುದನ್ನೂ ಕಾಯದೆ, ಹತ್ತೂವರೆಗೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು.

ಶಿರಸಿಯ ಅಂಗಡಿಯಲ್ಲಿ ಅವರು ಯಾರನ್ನೂ ಏನೂ ಕೇಳಲಿಲ್ಲ. ಮೊದಲ ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಮೂಸಿ, ಒಂದು ಕಾಳನ್ನು ಹಿಂದಿನ ಹಲ್ಲಿಗೆ ಕೊಟ್ಟು ಕಚ್ಚಿದರು. 'ಟಕ್' ಎಂದಿತು, ಹಳೆಯ ಅಕ್ಕಿ. ಎರಡನೆಯ ಚೀಲದ್ದು ಸದ್ದಿಲ್ಲದೆ ಪುಡಿಯಾಯಿತು. ಅಂಗಡಿಯವರು ಮೊದಲು ಮುಖ ಗಂಟಿಕ್ಕಿದರು. ಅತ್ತೆ ಮೂರನೆಯ ಚೀಲವನ್ನು ತೋರಿಸಿ, "ಇದು ಹಳೇದು ಹೇಳಿ ಬರದ್ರಿ, ಹೊಸ ಅಕ್ಕಿ ಇದು" ಎಂದಾಗ ಅವರು ಗಲ್ಲಾ ಬಿಟ್ಟು ಎದ್ದು ಬಂದರು. ತಾವೂ ಒಂದು ಕಾಳು ಕಚ್ಚಿ ನೋಡಿದರು.

"ಖರೆ ಐತಿ ಬಿಡ್ರಿ ಅವ್ವಾರ. ಚೀಟಿ ಅದಲ ಬದಲ ಆಗೇತಿ."

ಅತ್ತೆ ಅತ್ತಿತ್ತ ನೋಡಿದರು. ಅವರು ನೋಡುತ್ತಿದ್ದುದು ಕೂರುವ ಜಾಗ ಎಂದು ನನಗೆ ಗೊತ್ತಾಯಿತು. ಆ ಅಂಗಡಿಯಲ್ಲಿ ಬೆಂಚು ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಖಾಲಿ ಎಣ್ಣೆ ಡಬ್ಬವೊಂದನ್ನು ಬೋರಲು ಹಾಕಿ, ಮೇಲೆ ಗೋಣಿ ಮಡಚಿ ಹಾಸಿ, "ಕುಂಡ್ರಿ ಅವ್ವಾರ. ಬ್ಯಾಳಿನೂ ನೋಡಿಬಿಡ್ರಿ" ಎಂದರು. ಅತ್ತೆ ಕುಳಿತರು. ನಾವು ಅಲ್ಲಿಂದ ಹೊರಟಾಗ ಎರಡು ಬಸ್ಸು ತಪ್ಪಿ ಹೋಗಿದ್ದವು. ಚೀಲ ಹೊತ್ತು ಹಿಂದೆ ನಡೆದವಳು ನಾನು.

ಆ ದಿನ ಮಧ್ಯಾಹ್ನ ಮೂರು ಗುಪ್ಪೆಯೂ ಆಯಿತು. ಬುಧವಾರ ಅವರು ಯಲ್ಲಾಪುರಕ್ಕೆ ಹೋದದ್ದು ಕೈಚೀಲದಲ್ಲಿ. ಹೇಳಿದ ಹಾಗೆಯೇ ನಾಲ್ಕು ದಿನಕ್ಕೆ ತಿರುಗಿ ಬಂದರು, ಸಂತೆಯ ದಿನ ತಪ್ಪಬಾರದೆಂದು. ಅಲ್ಲಿಂದಾಚೆ ಪ್ರತಿ ಮಂಗಳವಾರ ಹತ್ತೂವರೆಯ ಬಸ್ಸು ಅವರದು. ನಾನು ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಅಂಗಡಿಗೆ ಹೋಗಿ, ಎಣ್ಣೆ ಡಬ್ಬದ ಮೇಲೆ ಕುಳಿತವರನ್ನು ಎಬ್ಬಿಸಿ, ಚೀಲದ ಜೊತೆ ಬಸ್ಸು ಹತ್ತಿಸುತ್ತಿದ್ದೆ. ಒಮ್ಮೆ ನಾನೊಬ್ಬಳೇ ಹೋದಾಗ ಅಂಗಡಿಯವರು, "ಅವ್ವಾರು ಬರವಲ್ರಾ? ಹಂಗಾರ ಅಕ್ಕಿ ನಾಳಿ ಒಯ್ರಿ" ಎಂದು ನನ್ನನ್ನು ಬರಿಗೈಯಲ್ಲಿ ಕಳಿಸಿದ್ದೂ ಇದೆ.

ಹೀಗೆ ಏಳೆಂಟು ವರ್ಷ ನಡೆಯಿತು. ಇಸಳೂರಿನಲ್ಲಿ ಮನೆಗಳು ಹೆಚ್ಚಿದವು, ದಿನಸಿ ಅಂಗಡಿಯೂ ಬಂತು. ಅತ್ತೆಯ ಮೊಣಕಾಲು ನೋವು ಹೆಚ್ಚಾಗಿ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಡಾಕ್ಟರು ಓಡಾಟ ಸಾಕು ಎಂದರು. ಒಂದು ಮಂಗಳವಾರ ನಾನೊಬ್ಬಳೇ ಹೋದೆ. ಹತ್ತು ಕಿಲೋ ಹಳೆಯದು, ಐದು ಕಿಲೋ ಹೊಸದು, ಕಣ್ಣೆದುರೇ ತೂಕ ಮಾಡಿಸಿದೆ. ಅತ್ತೆ ಕಲಿಸಿದಂತೆ ತಳದಿಂದ ಎತ್ತಿ, ಕಚ್ಚಿ, ಹಳೆಯದರಲ್ಲಿ 'ಟಕ್' ಎನ್ನುವುದನ್ನೇ ಆರಿಸಿ, ನಾನೇ ಗೋಣಿಯ ಮೇಲೆ ಹರಡಿ ಕೈಯಾರೆ ಬೆರೆಸಿದೆ. ವಿಜ್ಞಾನದ ಶಿಕ್ಷಕಿ ಅಳತೆಯಲ್ಲಿ ತಪ್ಪುವುದಿಲ್ಲ.

ಮನೆಗೆ ತಂದು ಅತ್ತೆಯ ಮುಂದಿಟ್ಟೆ. ಅವರು ಚೀಲಕ್ಕೆ ಕೈ ಇಳಿಸಿದರು. ಮೂಸಿದರು. ಒಂದು ಕಾಳು ಕಚ್ಚಿ, ಬಹಳ ಹೊತ್ತು ಬಾಯಲ್ಲಿ ಆಚೀಚೆ ಹೊರಳಿಸಿದರು. ನಾನು ಫಲಿತಾಂಶಕ್ಕೆ ನಿಂತ ಹುಡುಗಿಯ ಹಾಗೆ ನಿಂತಿದ್ದೆ.

"ಹೊಸದು ಒಂಚೂರು ಹೆಚ್ಚಾತು" ಎಂದರು, ನನ್ನ ಮುಖ ನೋಡದೆ. "ಮುಂದಿನ ಸಲ ಆನೂ ಬತ್ತೆ."

ಹೆಚ್ಚಾಗಿರಲಿಲ್ಲ. ತೂಕದ ಮುಳ್ಳು ನಾನು ನೋಡಿದ್ದೆ. ಹಿಂದಿನ ನಾನಾಗಿದ್ದರೆ ಅದನ್ನು ಅಲ್ಲೇ ಸಾಧಿಸಿ ತೋರಿಸಿಬಿಡುತ್ತಿದ್ದೆ. ನೋಯುವ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಅವರು ಉತ್ತರಕ್ಕೆ ಕಾಯುತ್ತಿದ್ದರು.

"ಹೌದು ಅತ್ತೆ, ಹೆಚ್ಚಾತು" ಎಂದೆ. "ಯಂಗೆ ಗೊತ್ತಾಯ್ದಿಲ್ಲೆ."

ಮುಂದಿನ ಮಂಗಳವಾರ ಆಟೋ ಮಾಡಿಕೊಂಡು ಹೋದೆವು.